ಗಾಜಿನ ಪೆಟ್ಟಿಗೆಯಿಂದ ಜಾಲತಾಣಕ್ಕೆ

ಪೇಟೆಬೀದಿಯ ಫೋಟೋ ಸ್ಟುಡಿಯೋಗಳ ಬಾಗಿಲ ಪಕ್ಕದಲ್ಲಿ ಇರುತ್ತಿದ್ದ ಗಾಜಿನ ಪೆಟ್ಟಿಗೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆಳೆತ್ತರದ ಮರದ ಚೌಕಟ್ಟು; ಒಳಗೆ ಕೆಂಪು ಮಖಮಲ್ಲಿನ ಹಾಸು; ಅದರ ಮೇಲೆ ಹತ್ತು ಹನ್ನೆರಡು ಚಿತ್ರಗಳು. ಬಾಸಿಂಗ ಕಟ್ಟಿದ ಮದುಮಕ್ಕಳು, ಮರದ ಕುದುರೆಯ ಮೇಲೆ ಕುಳಿತು ಅಳುವಿಗೂ ನಗುವಿಗೂ ನಡುವೆ ಸಿಕ್ಕಿಕೊಂಡ ಮಗು, ಕಪ್ಪು ಗೌನು ತೊಟ್ಟ ಪದವೀಧರ. ಸಂತೆಗೆ ಬಂದವರು ಬಸ್ಸಿಗೆ ಕಾಯುತ್ತ ಅದರ ಮುಂದೆ ನಿಲ್ಲುತ್ತಿದ್ದರು. ‘ಇವಳು ನಮ್ಮ ಕೆಳಗಿನಮನೆಯ ಹುಡುಗಿಯಲ್ಲವೆ?’ ಎಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಆ ಪೆಟ್ಟಿಗೆಯೊಳಗೆ ತನ್ನ ಚಿತ್ರ ಸೇರುವುದು ಸಣ್ಣ ಗೌರವವೇನೂ ಆಗಿರಲಿಲ್ಲ.

ನಾನು ಸಾಗರಕ್ಕೆ ಕನ್ನಡ ಅಧ್ಯಾಪಕನಾಗಿ ಬಂದ ಹೊಸತರಲ್ಲಿ ಅಂಥದೊಂದು ಪೆಟ್ಟಿಗೆಯ ಮುಂದೆ ದಿನವೂ ಹಾದುಹೋಗುತ್ತಿದ್ದೆ. ಸ್ಟುಡಿಯೋದ ಯಜಮಾನರು ಮಿತಭಾಷಿಗಳು. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಗಾಜನ್ನು ಒರೆಸಿ ಚಿತ್ರಗಳನ್ನು ಬದಲಿಸುತ್ತಿದ್ದರು. ಒಂದು ದಿನ ನೋಡುತ್ತೇನೆ, ನಡುವಿನ ಒಂದು ಚಿತ್ರದ ಜಾಗ ಖಾಲಿ. ಮಖಮಲ್ಲಿನ ಬಣ್ಣ ಅಲ್ಲಿ ಮಾತ್ರ ಮಾಸಿರಲಿಲ್ಲ. ಏಕೆಂದು ಕೇಳಿದೆ. ‘ಆ ಮನೆಯವರು ಬೇಡ ಅಂದರು, ತೆಗೆದೆ’ ಎಂದಷ್ಟೇ ಹೇಳಿ ಅವರು ಒಳಗೆ ಹೋದರು. ಆ ಉತ್ತರದ ತೂಕ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅವರ ಮಗನ ಜಾಲತಾಣವನ್ನು ತಿದ್ದಲು ಕುಳಿತಾಗ.

ಆ ಮಗ ನನ್ನ ಹಳೆಯ ವಿದ್ಯಾರ್ಥಿ. ಈಗ ಸ್ಟುಡಿಯೋವನ್ನು ಅವನೂ ಅವನ ಮಗಳೂ ನಡೆಸುತ್ತಿದ್ದಾರೆ. ಅಂಗಡಿಗೆ ಮೊದಲೊಂದು ಜಾಲತಾಣವಿತ್ತು. ಪುಟ ತೆರೆದೊಡನೆ ಪರದೆ ಸರಿದು, ವೀಣೆ ನುಡಿದು, ಚಿತ್ರಗಳು ಹೂವಿನಂತೆ ಅರಳುತ್ತಿದ್ದವಂತೆ. ಅದನ್ನು ಕಟ್ಟಿದ್ದು ಫ್ಲ್ಯಾಶ್ ಎಂಬ ತಂತ್ರಾಂಶದಿಂದ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆ ಫ್ಲ್ಯಾಶಿಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಅದು ಓಡದಂತೆ ತಡೆಯನ್ನೂ ಹಾಕಿತು. ಪ್ರಪಂಚದ ಎಷ್ಟೋ ಪುಟಗಳೊಡನೆ ನಮ್ಮ ಪೇಟೆಬೀದಿಯ ಈ ಪುಟವೂ ಒಂದು ಬೆಳಗ್ಗೆ ಬರಿದಾಯಿತು. ಅವಸರದಲ್ಲಿ ಯಾರೋ ಇನ್ನೊಂದನ್ನು ಕಟ್ಟಿಕೊಟ್ಟರು. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳು. ಎಲ್ಲಿಂದಲೋ ಎತ್ತಿಟ್ಟ ಇಂಗ್ಲಿಷ್ ವಾಕ್ಯಗಳು. ಅಂಗಡಿಯ ವಿಳಾಸ ಮಾತ್ರ ಐದನೆಯ ಪುಟದ ಅಡಿಯಲ್ಲಿ. ‘ಹೊಸದಾಗಿ ಮಾಡ್ತಾ ಇದೀವಿ ಸರ್, ಕನ್ನಡದ ಕಾಗುಣಿತ ಒಂದು ನೋಡಿಕೊಡಿ’ ಎಂದು ಅವನು ನನ್ನನ್ನು ಕರೆದ. ಕಾಗುಣಿತ ನೋಡಲು ಹೋದವನು ಮೂರು ತಿಂಗಳು ಅಲ್ಲಿಯೇ ಕುಳಿತೆ.

ಮೊದಲು ನಾವು ಕೇಳಿಕೊಂಡ ಪ್ರಶ್ನೆ, ಈ ಬಾಗಿಲಿಗೆ ಬರುವವರು ಯಾರು ಎಂಬುದು. ಮಗಳ ಮದುವೆ ಗೊತ್ತುಮಾಡಿದ ತೋಟದ ಮನೆಯ ಯಜಮಾನ ಒಬ್ಬ. ನಾಳೆಯ ಅರ್ಜಿಗೆ ಇಂದು ಪಾಸ್‌ಪೋರ್ಟ್ ಅಳತೆಯ ಚಿತ್ರ ಬೇಕಾದ ವಿದ್ಯಾರ್ಥಿ ಇನ್ನೊಬ್ಬ. ಅಜ್ಜಿಯ ಮಾಸಿದ ಚಿತ್ರವನ್ನು ಸರಿಪಡಿಸಿಕೊಳ್ಳಬೇಕೆಂದು ಬೆಂಗಳೂರಿನಿಂದ ವಿಚಾರಿಸುವ ಮೊಮ್ಮಗಳು ಮತ್ತೊಬ್ಬಳು. ಈ ಮೂವರೂ ತಿಳಿಯಬಯಸುವುದು ನಾಲ್ಕೇ ಸಂಗತಿ: ನೀವು ಏನು ಮಾಡುತ್ತೀರಿ, ಎಲ್ಲಿದ್ದೀರಿ, ಎಷ್ಟಾಗುತ್ತದೆ, ಯಾರಿಗೆ ಫೋನು ಮಾಡಬೇಕು? ಹಳೆಯ ಮುಖಪುಟದಲ್ಲಿ ಈ ನಾಲ್ಕಕ್ಕೂ ಉತ್ತರವಿರಲಿಲ್ಲ. ದರ ಬರೆಯಲು ನನ್ನ ವಿದ್ಯಾರ್ಥಿ ಬಹಳ ಹಿಂಜರಿದ. ಎದುರು ಅಂಗಡಿಯವರು ನೋಡಿಬಿಡುತ್ತಾರೆಂಬ ಭಯ. ಕೊನೆಗೆ ಆರಂಭದ ದರವೊಂದನ್ನು, ಅದರೊಳಗೆ ಎಷ್ಟು ಗಂಟೆಯ ಕೆಲಸ, ಎಷ್ಟು ಹಾಳೆಯ ಆಲ್ಬಮ್ ಸೇರಿದೆ ಎಂಬುದನ್ನು ಬರೆಯಲು ಒಪ್ಪಿದ. ಎದುರು ಅಂಗಡಿಯವರಿಗೆ ಅದು ಮೊದಲೇ ಗೊತ್ತಿತ್ತೆಂದು ಆಮೇಲೆ ತಿಳಿಯಿತು.

ಎರಡನೆಯದು ಆಯ್ಕೆ. ಮುನ್ನೂರು ಚಿತ್ರಗಳನ್ನು ಇಪ್ಪತ್ತನಾಲ್ಕಕ್ಕೆ ಇಳಿಸಬೇಕೆಂದು ಮಗಳು ಹಟ ಹಿಡಿದಳು. ತಂದೆಗೆ ಒಂದೊಂದನ್ನು ಬಿಡುವಾಗಲೂ ಕರುಳು ಹಿಂಡಿದಂತಾಗುತ್ತಿತ್ತು; ಒಂದೊಂದರ ಹಿಂದೆಯೂ ಒಂದು ಇಡೀ ರಾತ್ರಿಯ ನಿದ್ರೆಗೆಟ್ಟ ದುಡಿಮೆ ಇತ್ತಲ್ಲವೆ? ಸಂಕಲನಗಳನ್ನು ಸಂಪಾದಿಸಿದ ಅನುಭವದಿಂದ ನಾನು ಒಂದು ಮಾತು ಹೇಳಿದೆ. ಸಂಕಲನದಲ್ಲಿ ದುರ್ಬಲವಾದ ಒಂದು ಕವಿತೆ ಸೇರಿದರೆ ಓದುಗನು ಆ ಕವಿತೆಯನ್ನಷ್ಟೇ ಸಂಶಯಿಸುವುದಿಲ್ಲ, ಸಂಪಾದಕನನ್ನೇ ಸಂಶಯಿಸುತ್ತಾನೆ. ಜೋಗದ ಮುಂದೆ ಕೈಚಾಚಿ ನಿಂತ ಜೋಡಿಗಳ ಚಿತ್ರ ನಲವತ್ತಿದ್ದವು, ಒಂದು ಉಳಿಯಿತು. ಡ್ರೋನಿನಿಂದ ತೆಗೆದ ಕಲ್ಯಾಣಮಂಟಪದ ಛಾವಣಿಗಳೆಲ್ಲ ಹೋದವು. ಮಳೆ ಸುರಿಯುತ್ತಿರುವಾಗ ತಾಡಪಾಲಿನ ಅಡಿಯಲ್ಲಿ ಹೋಳಿಗೆ ಬೇಯಿಸುವ ಅಡುಗೆಯವರ ಒಂದು ಚಿತ್ರವನ್ನು, ಯಾರೂ ದುಡ್ಡು ಕೊಟ್ಟು ಕೇಳದ ಚಿತ್ರವನ್ನು, ಮಗಳು ಮೂಲೆಯಿಂದ ಹುಡುಕಿ ತಂದು ಸೇರಿಸಿದಳು. ಮಲೆನಾಡಿನ ಮದುವೆ ಎಂದರೆ ಏನೆಂಬುದನ್ನು ಅದೊಂದೇ ಹೇಳುತ್ತಿತ್ತು.

ಇನ್ನು ಭಾರದ ಮಾತು. ಈಗಿನ ಕ್ಯಾಮರಾ ತೆಗೆಯುವ ಚಿತ್ರದ ಅಳತೆ ಅಡ್ಡಕ್ಕೆ 6000 ಬಿಂದು, ಉದ್ದಕ್ಕೆ 4000. ಒಟ್ಟು 2 ಕೋಟಿ 40 ಲಕ್ಷ ಬಿಂದುಗಳು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಇದು ಬೇಕು. ಅಂಗೈಯಗಲದ ಮೊಬೈಲಿಗೆ ಬೇಡ. ಹಳೆಯ ಮುಖಪುಟದಲ್ಲಿ ಇಂಥ ಚಿತ್ರಗಳು ಮೂವತ್ತಿದ್ದವು. ಒಂದೊಂದು 8 ಮೆಗಾಬೈಟ್ ಎಂದರೂ ಒಟ್ಟು 240 ಮೆಗಾಬೈಟ್. ಸಾಗರದ ಅಂಗಡಿಯಲ್ಲಿ ಕುಳಿತು ನೋಡುವವರಿಗೆ ಇದು ತಿಳಿಯುವುದಿಲ್ಲ. ಒಂದು ಭಾನುವಾರ ನಾವು ಮೂವರೂ ಲಿಂಗನಮಕ್ಕಿ ಹಿನ್ನೀರಿನಾಚೆ, ಕರೂರು ಹೋಬಳಿಯ ಒಂದು ಮನೆಗೆ ಹೋದೆವು. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ. ಆದರೆ ಆ ಮನೆಯಲ್ಲಿ ಮೊಬೈಲಿಗೆ ಸಂಕೇತ ಸಿಗುತ್ತಿದ್ದುದು ಅಂಗಳದ ತುಳಸಿಕಟ್ಟೆಯ ಬಳಿ ಮಾತ್ರ. ಅಲ್ಲಿ ನಿಂತು ಪುಟವನ್ನು ತೆರೆದೆವು. ಮನೆಯೊಡತಿ ಕೋಕಂ ಪಾನಕ ತಂದುಕೊಟ್ಟು, ನಾವದನ್ನು ಕುಡಿದು, ಲೋಟಗಳನ್ನು ಅವರು ಒಳಗೆ ಒಯ್ದರೂ ಮೊದಲ ಚಿತ್ರದಲ್ಲಿ ಮದುಮಗನ ಪೇಟದ ತುದಿ ಮಾತ್ರ ಕಂಡಿತ್ತು. ನನ್ನ ವಿದ್ಯಾರ್ಥಿ ಮಾತಾಡದೆ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಮದುವೆಗೆ ಫೋಟೋದವರನ್ನು ಹುಡುಕುವ ಅವನ ಗಿರಾಕಿಗಳು ಇರುವುದು ಇಂಥ ಮನೆಗಳಲ್ಲಿ.

ಮರುದಿನದಿಂದ ಚಿತ್ರಗಳ ಅಗಲವನ್ನು 1600 ಬಿಂದುಗಳಿಗೆ ಇಳಿಸಿದರು. ಹದವಾಗಿ ಒತ್ತಿದಾಗ ಒಂದೊಂದೂ 250 ಕಿಲೋಬೈಟಿನ ಆಸುಪಾಸಿಗೆ ಬಂತು. ಕಣ್ಣಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಮುಖಪುಟದಲ್ಲಿ ಆರು ಚಿತ್ರಗಳಷ್ಟೇ ಉಳಿದವು. ಕೆಳಗಿರುವ ಚಿತ್ರಗಳು ಓದುಗನು ಅಲ್ಲಿಗೆ ಇಳಿದಾಗ ಮಾತ್ರ ಬರುವಂತೆ ಏರ್ಪಾಡಾಯಿತು. ಪುಟದ ಮುಖ್ಯಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ನಮ್ಮ ಅಳತೆ ಆ ತುಳಸಿಕಟ್ಟೆ.

ಆಮೇಲೆ ನನ್ನ ಸರದಿ ಬಂತು, ಅಂದರೆ ಭಾಷೆಯ ಸರದಿ. ಹಳೆಯ ಪುಟದಲ್ಲಿ ಕನ್ನಡ ಇರಲೇ ಇಲ್ಲವೆಂದಲ್ಲ. ಅಂಗಡಿಯ ಹೆಸರು, ಸೇವೆಗಳ ಪಟ್ಟಿ ಕನ್ನಡದಲ್ಲಿದ್ದವು. ಆದರೆ ಅವು ಅಕ್ಷರಗಳಲ್ಲ, ಅಕ್ಷರಗಳ ಚಿತ್ರಗಳು. ಮನುಷ್ಯನ ಕಣ್ಣು ಓದುತ್ತಿತ್ತು. ಹುಡುಕುವ ಯಂತ್ರಕ್ಕೆ ಅದು ಬರಿಯ ಬಣ್ಣ. ‘ಸಾಗರ ಫೋಟೋ ಸ್ಟುಡಿಯೋ’ ಎಂದು ಕನ್ನಡದಲ್ಲಿ ಬರೆದು ಹುಡುಕಿದವನಿಗೆ ಈ ಅಂಗಡಿ ಸಿಗುವಂತೆಯೇ ಇರಲಿಲ್ಲ. ಪ್ರಪಂಚದ ಮೊದಲ ಜಾಲತಾಣ ಸಾರ್ವಜನಿಕರಿಗೆ ತೆರೆದದ್ದು 1991ರ ಆಗಸ್ಟಿನಲ್ಲಿ; ಯೂನಿಕೋಡ್ ಎಂಬ ಲಿಪಿಸಂಕೇತದ ಮೊದಲ ಆವೃತ್ತಿ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಮತ್ತು ಕನ್ನಡ ಆ ಮೊದಲ ಆವೃತ್ತಿಯಲ್ಲಿಯೇ ಇತ್ತು. ಮನೆ ಕಟ್ಟುವಾಗಲೇ ನಮಗೊಂದು ಕೋಣೆ ಮೀಸಲಾಗಿತ್ತು. ನಾವು ಹೋಗಿ ಇರಲು ತಡಮಾಡಿದೆವು, ಅಷ್ಟೆ.

ಪುಟದ ತಲೆಗೆಂದು ನಾನೊಂದು ವಾಕ್ಯ ಬರೆದುಕೊಟ್ಟೆ. ಕಾಲದ ಕಡಲಿನಿಂದ ಕ್ಷಣಗಳ ಮುತ್ತುಗಳನ್ನು ಆಯ್ದು ನೆನಪಿನ ದಾರದಲ್ಲಿ ಪೋಣಿಸುವ ಕಲಾಮಂದಿರ ಎಂದೇನೋ ಇತ್ತು. ಬರೆದಾಗ ನನಗೆ ಸಂತೋಷವೇ ಆಗಿತ್ತು. ಮಗಳು ವಿನಯದಿಂದ ಓದಿ, ‘ತುಂಬಾ ಚೆನ್ನಾಗಿದೆ ಸರ್. ಆದ್ರೆ ನಾವು ಪಾಸ್‌ಪೋರ್ಟ್ ಫೋಟೋ ತೆಗೀತೀವೋ ಇಲ್ಲವೋ ಅಂತ ಇದರಲ್ಲಿ ಗೊತ್ತಾಗಲ್ಲ’ ಎಂದಳು. ಮೂವತ್ತೈದು ವರ್ಷ ಅಲಂಕಾರಶಾಸ್ತ್ರ ಪಾಠ ಹೇಳಿದವನಿಗೆ ಔಚಿತ್ಯವೆಂದರೇನೆಂದು ಆ ಹುಡುಗಿ ನೆನಪು ಮಾಡಿಕೊಟ್ಟಳು. ಈಗ ಅಲ್ಲಿರುವ ಮಾತು ಇಷ್ಟು: ಮದುವೆ, ಉಪನಯನ, ನಾಮಕರಣದ ಚಿತ್ರಗಳು. ಪಾಸ್‌ಪೋರ್ಟ್ ಅಳತೆಯ ಚಿತ್ರವನ್ನು ಕಾದಿದ್ದು ಒಯ್ಯಬಹುದು. ಹರಿದ, ಮಾಸಿದ ಹಳೆಯ ಚಿತ್ರಗಳನ್ನು ಸರಿಪಡಿಸಿಕೊಡುತ್ತೇವೆ.

ನನ್ನ ಉಮೇದಿಗೆ ಬೇರೊಂದು ಜಾಗ ದೊರೆಯಿತು. ಕಣ್ಣು ಕಾಣದವರ ಮೊಬೈಲು ಪುಟವನ್ನು ಅವರಿಗೆ ಓದಿ ಹೇಳುತ್ತದೆ. ಚಿತ್ರ ಬಂದಾಗ ಅದರ ಹಿಂದೆ ಬರೆದಿಟ್ಟ ವಿವರಣೆಯನ್ನು ಓದುತ್ತದೆ. ನಮ್ಮ ಚಿತ್ರಗಳ ಹಿಂದೆ ಇದ್ದದ್ದು ಕ್ಯಾಮರಾ ಕೊಟ್ಟ ಅಂಕಿಗಳು. ಇಪ್ಪತ್ತನಾಲ್ಕಕ್ಕೂ ಒಂದೊಂದು ವಾಕ್ಯ ಬರೆದೆ. ‘ಸೋದರಮಾವ ಬಾಸಿಂಗ ಕಟ್ಟುತ್ತಿದ್ದಾನೆ, ಮದುಮಗಳು ಕಣ್ಣು ಮುಚ್ಚಿ ತಲೆಬಾಗಿದ್ದಾಳೆ.’ ಕಾಣುವುದನ್ನು ಕಂಡಷ್ಟೇ ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಕೆಲಸ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ನಾವು ಅಂಗಡಿಯಲ್ಲಿದ್ದಾಗ ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ಮೊಬೈಲಿನಲ್ಲಿ ಹಳೆಯ ಪುಟದ ಒಂದು ಚಿತ್ರ ತೋರಿಸಿ, ‘ಅಣ್ಣಾ, ಇದನ್ನ ತೆಗೀಬಹುದಾ?’ ಎಂದಳು. ಅವಳದೇ ಮದುವೆಯ ಚಿತ್ರ. ಆ ಮದುವೆ ಮುರಿದು ಕೆಲವು ವರ್ಷಗಳಾಗಿತ್ತು. ಈಗ ಬೇರೊಂದು ಸಂಬಂಧದ ಮಾತು ನಡೆದಿದೆ. ಅವರ ಮನೆಯಲ್ಲಿ ಯಾರೋ ಇದನ್ನು ನೋಡಿದರಂತೆ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೇಳಬೇಕಾಗಿ ಬಂತಲ್ಲ ಎಂಬ ಸಂಕೋಚವಿತ್ತು. ಚಿತ್ರವನ್ನು ಒಂದು ನಿಮಿಷದಲ್ಲಿ ತೆಗೆದದ್ದಾಯಿತು. ಆದರೆ ಹುಡುಕುವ ಯಂತ್ರದ ಉಗ್ರಾಣದಲ್ಲಿ ಅದರ ನೆರಳು ಉಳಿದಿತ್ತು. ಅದಕ್ಕೆ ಬೇರೆ ಕೋರಿಕೆ ಸಲ್ಲಿಸಿ ಕಾಯಬೇಕಾಯಿತು. ಗಾಜಿನ ಪೆಟ್ಟಿಗೆ ನಿಂತಿದ್ದುದು ಒಂದು ಬೀದಿಯಲ್ಲಿ. ಜಾಲತಾಣವೋ, ಎಲ್ಲ ಬೀದಿಗಳಲ್ಲಿ ಹಗಲೂ ರಾತ್ರಿ ತೆರೆದಿರುವ ಪೆಟ್ಟಿಗೆ.

ಆ ಸಂಜೆ ಪರಿಚಿತ ವಕೀಲರೊಬ್ಬರನ್ನು ಕೇಳಿದೆವು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣವನ್ನು ಅವರು ತೆಗೆದು ತೋರಿಸಿದರು. ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು, ತೆಗೆದವನಲ್ಲ. ನನ್ನ ವಿದ್ಯಾರ್ಥಿ ಬೆರಗಾದ. ಇಷ್ಟು ವರ್ಷ ತನ್ನದೆಂದು ಪ್ರದರ್ಶಿಸಿದ್ದು ತನ್ನದಾಗಿರಲಿಲ್ಲ. ಮರುದಿನ ಇಪ್ಪತ್ತನಾಲ್ಕು ಚಿತ್ರಗಳ ಮನೆಗಳಿಗೂ ಒಂದೊಂದಾಗಿ ಫೋನು ಮಾಡಲು ಕುಳಿತ. ಹೆಚ್ಚಿನವರು ಸಂತೋಷದಿಂದ ಒಪ್ಪಿದರು. ಕೆಲವರು ಇನ್ನೂ ಚೆನ್ನಾಗಿರುವುದನ್ನು ಹಾಕಿ ಎಂದರು. ಎರಡು ಮನೆಯವರು ಬೇಡವೆಂದರು.

ಆ ಎರಡರಲ್ಲಿ ಒಂದು ನಾವು ಮೂವರೂ ಏಕಮತದಿಂದ ಮುಖಪುಟದ ತಲೆಗೆ ಆರಿಸಿದ್ದ ಚಿತ್ರ. ಮಗಳನ್ನು ಧಾರೆಯೆರೆದು ಕೊಟ್ಟ ತಂದೆ ಕಂಬದ ಮರೆಗೆ ಹೋಗಿ, ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನನ್ನ ವಿದ್ಯಾರ್ಥಿ ಜೀವಮಾನದಲ್ಲಿ ತೆಗೆದ ಚಿತ್ರಗಳಲ್ಲಿ ಅದು ಶ್ರೇಷ್ಠವೆಂದರೆ ಉತ್ಪ್ರೇಕ್ಷೆಯಲ್ಲ. ಆ ಮಗಳು ಫೋನಿನಲ್ಲಿ ಹೇಳಿದಳಂತೆ: ‘ಅಪ್ಪ ಹೋಗಿ ಒಂದು ವರ್ಷ ಆಯ್ತು. ಆ ಫೋಟೋ ನಮ್ಮ ನಡುಮನೆಯಲ್ಲಿದೆ. ಅಪ್ಪ ಅವತ್ತು ಯಾರಿಗೂ ಕಾಣಬಾರದು ಅಂತಲೇ ಕಂಬದ ಹಿಂದೆ ಹೋಗಿದ್ದು.’

ಫೋನಿಟ್ಟ ಮೇಲೆ ಅವನು ಬಹಳ ಹೊತ್ತು ಸುಮ್ಮನಿದ್ದ. ‘ಏನು ಮಾಡೋಣ ಅಪ್ಪ?’ ಎಂದು ಮಗಳು ಕೇಳಿದಳು. ‘ಬೇಡ ಅಂದರು, ತೆಗಿ’ ಎಂದ. ಅವನ ತಂದೆಯ ಮಾತು ಅವನಿಗೆ ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಈಗ ಅಂಗಡಿಯ ಕರಾರುಪತ್ರದಲ್ಲಿ ಒಂದು ಪ್ರಶ್ನೆ ಅಚ್ಚಾಗಿದೆ: ‘ನಿಮ್ಮ ಚಿತ್ರಗಳನ್ನು ನಮ್ಮ ಜಾಲತಾಣದಲ್ಲಿ ತೋರಿಸಬಹುದೆ?’ ಅದರ ಕೆಳಗೆ, ಈಗ ಒಪ್ಪಿದವರು ಮುಂದೆ ಯಾವಾಗ ಬೇಡವೆಂದರೂ ತೆಗೆಯುತ್ತೇವೆ ಎಂಬ ಸಾಲಿದೆ.

ಜಾಲತಾಣ ಕಟ್ಟಿಸುವ ಸಣ್ಣ ಅಂಗಡಿಯವರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜಾಲತಾಣದ ಹೆಸರು ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿರಲಿ. ಪ್ರತಿವರ್ಷ ನವೀಕರಿಸುವ ದಿನ ನಿಮಗೇ ತಿಳಿದಿರಲಿ. ಇವನ ಅಂಗಡಿಯ ಹೆಸರು ಕಟ್ಟಿಕೊಟ್ಟವರ ಹೆಸರಿನಲ್ಲಿತ್ತು. ಬಿಡಿಸಿಕೊಳ್ಳಲು ಐದು ವಾರ ಹಿಡಿಯಿತು. ಹಾಗೆಯೇ ಹೊಸ ಪುಟ ತೆರೆದಾಗ ಹಳೆಯ ಕೊಂಡಿಗಳನ್ನು ಒತ್ತಿದವರು ಹೊಸದಕ್ಕೆ ಬಂದು ಸೇರುವಂತೆ ದಾರಿ ತಿರುಗಿಸಿಡಬೇಕು. ಮನೆ ಬದಲಿಸಿದವನು ಅಂಚೆಯಣ್ಣನಿಗೆ ಹೇಳಿಹೋಗುವುದಿಲ್ಲವೆ?

ಮುಖಪುಟದ ತಲೆಗೆ ಈಗ ಯಾವ ಚಿತ್ರವಿದೆ ಎಂದು ನೀವು ಕೇಳಬಹುದು. ಅಂಗಡಿಯ ಬಾಗಿಲಿದೆ. ಮಳೆಗಾಲದ ಒಂದು ಬೆಳಗ್ಗೆ ಮಗಳು ಬೀದಿಯ ಆಚೆ ನಿಂತು ತೆಗೆದದ್ದು. ಹೊರಊರಿನಿಂದ ಬರುವವರಿಗೆ ಅಂಗಡಿಯನ್ನು ಗುರುತಿಸಲು ಅನುಕೂಲವಾಗಿದೆ. ಬಾಗಿಲ ಪಕ್ಕದಲ್ಲಿ ಅಜ್ಜನ ಕಾಲದ ಗಾಜಿನ ಪೆಟ್ಟಿಗೆ ಇನ್ನೂ ನಿಂತಿದೆ. ಅದರ ನಡುವೆ ಒಂದು ಚಿತ್ರದ ಜಾಗವನ್ನು ಅವರು ಇಂದಿಗೂ ತುಂಬಿಲ್ಲ.