ಪಂಪಿನ ಪೆಟ್ಟಿಗೆಯ ವಿಳಾಸ
(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಬೇಸಿಗೆಯಲ್ಲಿ ನಮ್ಮ ಬ್ಲಾಕಿನ ರೈತರೊಬ್ಬರು ರಾತ್ರಿ ಫೋನಿನಲ್ಲಿ ಒತ್ತಿ, ಹಿತ್ತಲ ಕೊಳವೆ ಬಾವಿಯ ಮೋಟಾರು ನಿಂತಿತೆಂದು ನಂಬಿ ಮಲಗಿದರು. ಬೆಳಗ್ಗೆ ಎದ್ದು ನೋಡಿದರೆ ಟೊಮ್ಯಾಟೊ ಮಡಿಗಳೆಲ್ಲ ಕೆರೆಯಾಗಿದ್ದವು. ಸ್ಟಾರ್ಟರಿನ ವೈಫೈ ಪೆಟ್ಟಿಗೆ ಕೆಟ್ಟಿದೆಯೆಂದು ಬಿಚ್ಚಲು ಹೊರಟಿದ್ದರು. ಪೆಟ್ಟಿಗೆ ಕೆಟ್ಟಿರಲಿಲ್ಲ. ಸಂಜೆ ಕರೆಂಟು ಹೋಗಿ ಬಂದಾಗ ಅದರ ವಿಳಾಸ ಬದಲಾಗಿತ್ತು.

ವೈಫೈಗೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಅಂಕಿಯ ವಿಳಾಸವೊಂದು ಬೇಕು. ಸಾಮಾನ್ಯವಾಗಿ ಅದನ್ನು ರೌಟರೇ ಹಂಚುತ್ತದೆ. ಈ ಕ್ರಮಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು. ಹಂಚುವುದು ಕ್ರಯಕ್ಕಲ್ಲ, ಗುತ್ತಿಗೆಗೆ. ಗುತ್ತಿಗೆಯ ವಿಚಾರ ನಿಮಗೆ ನಾನು ಹೇಳಬೇಕಾಗಿಲ್ಲ! ಅರ್ಧ ಅವಧಿ ಕಳೆದೊಡನೆ ಯಂತ್ರ ತಾನೇ ಕೇಳಿ ಅದನ್ನು ಮುಂದುವರಿಸಿಕೊಳ್ಳುತ್ತದೆ. ಆದರೆ ಕರೆಂಟು ಹೋದರೆ ಕೆಲವು ರೌಟರುಗಳು ಲೆಕ್ಕವನ್ನೇ ಮರೆಯುತ್ತವೆ. ನಿಮ್ಮ ಪಂಪಿನ ಅಂಕಿ ನೆಂಟರ ಫೋನಿಗೆ ಹೋಗಬಹುದು. ಫೋನು, ಟಿ.ವಿ.ಗಳಿಗೆ ಇದರಿಂದ ಬಾಧಕವಿಲ್ಲ. ಅವನ್ನು ಯಾರೂ ಅಂಕಿ ಹಿಡಿದು ಹುಡುಕುವುದಿಲ್ಲ. ಪಂಪನ್ನು ಹುಡುಕಬೇಕು. (ಸಿಮ್ ಹಾಕುವ ಪೆಟ್ಟಿಗೆಗಳಿಗೆ ಈ ಮಾತು ಅನ್ವಯಿಸದು.)

ಹಾಗಾದರೆ ಪೆಟ್ಟಿಗೆಯಲ್ಲೇ ಕೈಯಾರೆ ಅಂಕಿ ತುಂಬಿಬಿಡೋಣ ಎನ್ನುವಿರಿ. ನಾನು ಒಪ್ಪುವುದಿಲ್ಲ. ರೌಟರಿಗೆ ಅದು ತಿಳಿಯದೆ, ಅದೇ ಅಂಕಿಯನ್ನು ಇನ್ನೊಂದಕ್ಕೂ ಕೊಟ್ಟೀತು. ಒಂದೇ ಹೊಲಕ್ಕೆ ಇಬ್ಬರು ಬಿತ್ತನೆಗೆ ಬಂದ ಹಾಗೆ. ಅದಕ್ಕಿಂತ, ಪೆಟ್ಟಿಗೆಯ ಚೀಟಿಯಲ್ಲಿ 12 ಅಂಕಿ-ಅಕ್ಷರಗಳ 'ಮ್ಯಾಕ್' ಸಂಖ್ಯೆ ಇರುತ್ತದೆ. ಅದನ್ನು ರೌಟರಿನ 'ರಿಸರ್ವೇಶನ್' ಪುಟದಲ್ಲಿ ತುಂಬಿ ಒಂದು ವಿಳಾಸವನ್ನು ಕಾದಿರಿಸಿ. ಆಮೇಲೆ ಕರೆಂಟು ಹತ್ತು ಸಲ ಹೋದರೂ ಪಂಪಿಗೆ ಅದೇ ವಿಳಾಸ ಸಿಗುತ್ತದೆ. ರೌಟರನ್ನೇ ಬದಲಾಯಿಸಿದರೆ ಮಾತ್ರ ಪುನಃ ತುಂಬಬೇಕು.

ಐ.ಪಿ.ವಿ.6 ಎಂಬ ಹೊಸ ಪದ್ಧತಿಯಲ್ಲಿ ಇನ್ನೊಂದು ಕ್ರಮವಿದೆ, ಸ್ಲಾಕ್ ಎಂದು. ರೌಟರು ವಿಳಾಸದ ಮೊದಲರ್ಧವನ್ನು ಸಾರುತ್ತದೆ, ಉಳಿದರ್ಧವನ್ನು ಯಂತ್ರ ತಾನೇ ಕಟ್ಟಿಕೊಳ್ಳುತ್ತದೆ. ಗುತ್ತಿಗೆಯ ಪುಸ್ತಕವೇ ಬೇಡ. ಮಣ್ಣಿನ ತೇವವನ್ನು ಅಳೆದು ಹೊರಗೆ ಕಳಿಸುವ ಯಂತ್ರಕ್ಕೆ ಇದು ಸಾಕು. ಅನೇಕ ಆಂಡ್ರಾಯ್ಡ್ ಫೋನುಗಳು ಐ.ಪಿ.ವಿ.6ರಲ್ಲಿ ಈ ಕ್ರಮವನ್ನೇ ನೆಚ್ಚಿರುವುದರಿಂದ ಇದನ್ನು ಆರಿಸಬೇಡಿ. ಆದರೆ ಗುಟ್ಟು ಕಾಯಲೆಂದು ಹಲವು ಯಂತ್ರಗಳು ಆ ಉತ್ತರಾರ್ಧವನ್ನು ಆಗಾಗ ಬದಲಿಸುತ್ತವೆ. ಅದನ್ನು ಬರೆದಿಟ್ಟುಕೊಂಡು ಪಂಪು ನಡೆಸಬೇಡಿ.

ಇನ್ನೊಂದು ಮಾತು. ಪೆಟ್ಟಿಗೆಯ ವಿಳಾಸ 169.254 ಎಂದು ಆರಂಭವಾಗಿದ್ದರೆ ರೌಟರಿನಿಂದ ಅದಕ್ಕೆ ಉತ್ತರ ಬಂದಿಲ್ಲವೆಂದು ತಿಳಿಯಿರಿ. ಪೆಟ್ಟಿಗೆ ಬಿಚ್ಚುವ ಮೊದಲು ರೌಟರನ್ನು ನೋಡಿ.

ಮ್ಯಾಕ್ ಸಂಖ್ಯೆಯನ್ನೂ ರೌಟರಿನ ಗುಪ್ತಪದವನ್ನೂ ಹುಡುಕಿಟ್ಟುಕೊಂಡು ನನಗೆ ಹೇಳಿ ಕಳುಹಿಸಿ. ಮನೆಗೆ ಬಂದು ತುಂಬಿ ತೋರಿಸುತ್ತೇನೆ.