ಹಳೆಯ ಲೆನ್ಸು, ಹೊಸ ಕ್ಯಾಮರಾ
(ದೇಹೂ ರೋಡಿನಲ್ಲಿ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಹೋದ ವರ್ಷ ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ನಲವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತು ದುಡಿದವರು. ಸಂತಾಪ ಸಭೆಗೆ ಅವರ ಭಾವಚಿತ್ರ ಬೇಕೆಂದು ಮನೆಯವರನ್ನು ಕೇಳಿದೆವು. ಸಿಕ್ಕಿದ್ದು ಗುರುತಿನ ಚೀಟಿಯ ಒಂದಂಗುಲದ ಚಿತ್ರ. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಹಾರ ಚೆನ್ನಾಗಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವರ ಮಗಳು ಒಂದು ಗಳಿಗೆ ನೋಡಿ ಆಚೆ ತಿರುಗಿದಳು. ಹಿರಿಯರು ನಮ್ಮೊಡನೆ ಇರುವಾಗಲೇ ಅವರ ಒಳ್ಳೆಯ ಚಿತ್ರ ತೆಗೆದಿಡಬೇಕೆಂದು ಅಂದೇ ನಿಶ್ಚಯಿಸಿದೆವು.

ಪರಿಚಯದ ಛಾಯಾಗ್ರಾಹಕರೊಬ್ಬರು ಭಾನುವಾರಗಳಂದು ತಮ್ಮ ಫುಜಿಫಿಲ್ಮ್ ಜಿಎಫ್ಎಕ್ಸ್ 50ಎಸ್ ಕ್ಯಾಮರಾವನ್ನು ಕೊಡಲು ಒಪ್ಪಿದರು. 2017ರಲ್ಲಿ ಮಾರಾಟಕ್ಕೆ ಬಂದ ಇದು ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮರಾ. 35 ಮಿ.ಮೀ. ಫಿಲ್ಮಿನ ಚೌಕಟ್ಟು 36ಕ್ಕೆ 24 ಮಿ.ಮೀ. ಆದರೆ ಇದರ ಸೆನ್ಸರ್ 43.8ಕ್ಕೆ 32.9, ಐದು ಕೋಟಿ ಚುಕ್ಕೆಗಳಲ್ಲಿ ಮುಖದ ಗೆರೆಗೆರೆಯನ್ನೂ ಹಿಡಿಯುತ್ತದೆ. ಆದರೆ ಭಾವಚಿತ್ರಕ್ಕೆಂದೇ ಇರುವ ಅದರ ಲೆನ್ಸಿನ ಬೆಲೆ ಲಕ್ಷಗಳ ಮಾತು. ಸಂಘದ ಪೆಟ್ಟಿಗೆಯಲ್ಲಿರುವುದು ನಿಮ್ಮ ಬೆವರಿನ ಹಣ. ಅದಕ್ಕೆ ಕೈ ಹಾಕಲು ನಮಗೆ ಮನಸ್ಸಾಗಲಿಲ್ಲ.

ಆಗ ನಿವೃತ್ತ ಫಿಟ್ಟರ್ ಒಬ್ಬರು ತಮ್ಮ ಟ್ರಂಕಿನಿಂದ ಫಿಲ್ಮ್ ಕಾಲದ ನಿಕಾನ್ 105 ಮಿ.ಮೀ. ಎಫ್/2.5 ಲೆನ್ಸನ್ನು ತಂದುಕೊಟ್ಟರು. ಸ್ಟೀವ್ ಮೆಕರಿಯವರು 1984ರಲ್ಲಿ ತೆಗೆದ, ಲೋಕವೆಲ್ಲ ಕಂಡ ಅಫ್ಘನ್ ಹುಡುಗಿಯ ಚಿತ್ರಕ್ಕೆ ಬಳಸಿದ್ದು ಇದೇ ಜಾತಿಯ ಲೆನ್ಸು.

ಹಳೆಯದು ಹೊಸದಕ್ಕೆ ಕೂಡೀತೇ? ಗಿರಣಿಯಲ್ಲಿ ಫ್ಲೇಂಜ್ ಜೋಡಿಸಿದವರಿಗೆ ಇದು ಬೇಗ ತಿಳಿಯುತ್ತದೆ. ನಿಕಾನಿನ ಹಳೆಯ ಕ್ಯಾಮರಾದಲ್ಲಿ ಲೆನ್ಸು ಕೂಡುವ ಬಾಯಿಯಿಂದ ಫಿಲ್ಮಿಗೆ 46.5 ಮಿ.ಮೀ. ದೂರ. ಈ ಹೊಸ ಕ್ಯಾಮರಾದಲ್ಲಿ ಸೆನ್ಸರಿಗೆ 26.7 ಮಾತ್ರ. ನಡುವಿನ 19.8 ಮಿ.ಮೀ. ತುಂಬುವ ಲೋಹದ ಬಳೆಯೇ ಅಡಾಪ್ಟರ್. ಅದು ತುಸು ದಪ್ಪವಾದರೂ ದೂರದ ವಸ್ತು ಸ್ಪಷ್ಟವಾಗದು. ಇಂದಿನ ಮಿರರ್‌ಲೆಸ್ ಲೆನ್ಸುಗಳಿಗೆ ಈ ದೂರ 20 ಮಿ.ಮೀ. ಅಥವಾ ಇನ್ನೂ ಕಡಿಮೆ. ಬಳೆ ಹಾಕಲು ಎಡೆಯೇ ಇಲ್ಲ. ಹೀಗಾಗಿ ಮುದುಕ ಹೊಂದುವ ಕಡೆ ಹುಡುಗ ಹೊಂದುವುದಿಲ್ಲ!

ಎರಡನೆಯ ಪ್ರಶ್ನೆ ಮೂಲೆಗಳದು. ಲೆನ್ಸು ಬೀಳಿಸುವ ಬಿಂಬ ದೋಸೆಯ ಹಾಗೆ ದುಂಡಗೆ. ಅದರೊಳಗಿಂದ ನಾಲ್ಕು ಮೂಲೆಯ ತುಂಡು ಕತ್ತರಿಸಬೇಕು. ದೋಸೆ ಚಿಕ್ಕದಾದರೆ ಮೂಲೆಗಳಿಗೆ ಹಿಟ್ಟು ಸಾಲದು. ಅಲ್ಲಿ ಕಪ್ಪು ಕವಿಯುತ್ತದೆ. 35 ಮಿ.ಮೀ. ಚೌಕಟ್ಟಿನ ಕರ್ಣ 43.3 ಮಿ.ಮೀ., ಈ ಸೆನ್ಸರಿನದು ಸುಮಾರು 54.8. ಆದರೂ 85ರಿಂದ 135 ಮಿ.ಮೀ.ವರೆಗಿನ ಹಲವು ಲೆನ್ಸುಗಳ ಬಿಂಬ ಬೇಕಾದುದಕ್ಕಿಂತ ದೊಡ್ಡದು. ಮೊದಲು ಬಿಳಿ ಗೋಡೆಯ ಚಿತ್ರ ತೆಗೆದು ಪರೀಕ್ಷಿಸಿ. ಮೂಲೆ ಕಪ್ಪಾದರೆ ಚಿತ್ರವನ್ನು ಚೌಕಾಕಾರಕ್ಕೆ ಕತ್ತರಿಸಿದರಾಯಿತು.

ಇನ್ನು ಕೆಲಸದ ಕ್ರಮ. ಈ ಕ್ಯಾಮರಾದಲ್ಲಿ 105 ಮಿ.ಮೀ. ಲೆನ್ಸು, ಫಿಲ್ಮ್ ಕ್ಯಾಮರಾದ ಸುಮಾರು 83 ಮಿ.ಮೀ.ನಷ್ಟು ನೋಟ ಕೊಡುತ್ತದೆ. ಆರೇಳು ಅಡಿ ದೂರ ನಿಂತರೆ ತಲೆಯೂ ಎದೆಯೂ ಚೌಕಟ್ಟು ತುಂಬುತ್ತವೆ. ಮೊಬೈಲನ್ನು ಮೂಗಿನ ಹತ್ತಿರ ಹಿಡಿದಾಗ ಮೂಗು ದಪ್ಪವಾಗುವುದು ಹತ್ತಿರದ ದೋಷ. ದೂರ ನಿಂತರೆ ಮುಖ ಮುಖದಂತೆಯೇ ಬರುತ್ತದೆ. ಕ್ಯಾಮರಾ ಈ ಲೆನ್ಸನ್ನು ಗುರುತಿಸದು. ಆದ್ದರಿಂದ ಮೆನುವಿನಲ್ಲಿ ಲೆನ್ಸಿಲ್ಲದೆ ಚಿತ್ರ ತೆಗೆಯುವ ಅನುಮತಿಯನ್ನು ಕೊಡಬೇಕು. ಫೋಕಸ್ ಕೈಯಿಂದಲೇ. ಎಫ್/2.5ರಲ್ಲಿ ಸ್ಪಷ್ಟವಾಗುವುದು ಎರಡು, ಎರಡೂವರೆ ಅಂಗುಲದ ಆಳ ಮಾತ್ರ; ಎಫ್/5.6ರಲ್ಲಿ ಐದು ಅಂಗುಲದಷ್ಟು. ಪರದೆಯಲ್ಲಿ ಹಿಗ್ಗಿಸಿ, ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ. ಕ್ಯಾಮರಾ ಸ್ಟ್ಯಾಂಡಿನ ಮೇಲಿರಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿಗೆ ಮರುಳಾಗಬೇಡಿ. ಅದು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ತಲೆ ಅಲುಗಿದರೆ ಮುಖ ಸೊಟ್ಟಗಾಗುತ್ತದೆ.

ಒಂದು ಎಚ್ಚರಿಕೆ. ನಮ್ಮ ದೇಹೂ ರೋಡ್ ಕಂಟೋನ್ಮೆಂಟ್ ಊರು. ಸೈನ್ಯದ ಡಿಪೋ, ಕಾರ್ಖಾನೆಗಳಿರುವ ಜಾಗ. ಉದ್ದನೆಯ ಲೆನ್ಸನ್ನು ಬೀದಿಯಲ್ಲಿ ಹಿಡಿದು ಆ ಕಡೆಗೆ ತಿರುಗಿಸಬೇಡಿ. ನಮ್ಮ ಕೆಲಸಕ್ಕೆ ಮನೆಯ ಜಗಲಿಯ ನೆರಳು ಸಾಕು.

ಇಷ್ಟೆಲ್ಲ ನಿಧಾನ ಬೇಕೇ ಎಂದು ಯುವಕರು ಕೇಳುತ್ತಾರೆ. ಬೇಕು. ಮೊದಲ ಭಾನುವಾರ ಒಬ್ಬ ಹಿರಿಯರನ್ನು ಕೂರಿಸಿದೆವು. ಅವರು ಕೈಯನ್ನು ಬೆನ್ನಹಿಂದೆ ಅಡಗಿಸಿದರು. ಎಣ್ಣೆ ಸಿಡಿದ ಕಲೆಗಳಿದ್ದವು. ನಾವು ಫೋಕಸ್ ಹುಡುಕುತ್ತಿದ್ದ ಹೊತ್ತಿನಲ್ಲಿ ಅವರು ಮಾತಿಗೆ ತೊಡಗಿ, ಹನ್ನೆರಡನೆಯ ವಯಸ್ಸಿನಲ್ಲಿ ಊರು ಬಿಟ್ಟ ಕಥೆ ಹೇಳಿದರು. ಮಾತು ಮುಗಿಯುವ ಹೊತ್ತಿಗೆ ಆ ಕೈಗಳು ತಾವಾಗಿಯೇ ತೊಡೆಯ ಮೇಲೆ ಬಂದಿದ್ದವು. ಆಗ ಶಟರ್ ಒತ್ತಿದೆವು. ತಾನೇ ಓಡಿ ಫೋಕಸ್ ಹಿಡಿಯುವ ಲೆನ್ಸಾಗಿದ್ದರೆ ಅಷ್ಟು ಹೊತ್ತು ಕಾಯುತ್ತಿದ್ದೆವೋ ಇಲ್ಲವೋ!

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ದೇಶದ ದೊಡ್ಡವರ ಜೊತೆಗೆ ಸಾಮಾನ್ಯರ ಬದುಕನ್ನೂ ಅಷ್ಟೇ ಗೌರವದಿಂದ ಚಿತ್ರಿಸಿದರು. ನಮ್ಮವರ ಮುಖಗಳಿಗೂ ಆ ಗೌರವ ಸಲ್ಲಬೇಕು. ಅರುವತ್ತು ದಾಟಿದವರು ಇಂದೇ ಹೆಸರು ಬರೆಸಿ. ಮಕ್ಕಳೇ, ತಂದೆತಾಯಿಯರನ್ನು ಕರೆತನ್ನಿ. ಪಟ ಮನೆಗೆ ಹೋಗುವಾಗ ಅದಕ್ಕೆ ಹಾರ ಬೇಡ; ಅದರಲ್ಲಿರುವವರೇ ಅದನ್ನು ಕೈಯಲ್ಲಿ ಹಿಡಿದು ನಗುತ್ತ ಹೋಗಲಿ.