ಗಾಳದ ನೊಣ ಮತ್ತು ಕಾಡುಹುಂಜದ ಗರಿ



ಗರಿಯಿಂದ ನೊಣವನ್ನು ಕಟ್ಟಿ ಮೀನನ್ನು ವಂಚಿಸುವ ಕಲೆಯೊಂದುಂಟು. ಗಾಳದ ಕೊಕ್ಕೆಯನ್ನು ಪುಟ್ಟ ಹಿಡಿಕೆಯಲ್ಲಿ ಬಿಗಿದು, ಮೇಣವುಜ್ಜಿದ ರೇಷ್ಮೆಯ ನೂಲನ್ನು ಸುತ್ತುತ್ತ, ಗರಿಯ ಎಳೆಗಳನ್ನು ಒಂದೊಂದಾಗಿ ಬಂಧಿಸಬೇಕು. ನೂಲು ಸಡಿಲವಾದರೆ ಗರಿ ಜಾರುವುದು. ಅತಿಯಾಗಿ ಎಳೆದರೆ ನೂಲೇ ಹರಿಯುವುದು.

ಈ ಕಲೆ ಬ್ರಿಟನ್ನಿನ ಹೊಳೆಗಳ ದಡದಲ್ಲಿ ಬೆಳೆಯಿತು. ಆದರೆ ಅದರ ಒಂದು ಅಲಂಕಾರ ನಮ್ಮ ಕಡೆಯದು. ಕೊಪ್ಪ, ನರಸಿಂಹರಾಜಪುರಗಳ ಕಾಡಿನಲ್ಲಿ ಕೂಗುವ ಬೂದುಬಣ್ಣದ ಕಾಡುಹುಂಜದ ಕೊರಳ ಗರಿಗಳಲ್ಲಿ ಮೇಣದ ಹನಿಯಂತೆ ಹೊಳೆಯುವ ಚುಕ್ಕೆಗಳಿವೆ. ಸ್ಕಾಟ್ಲೆಂಡಿನ ಸಾಮನ್ ಮೀನಿಗಾಗಿ ಕಟ್ಟಿದ ನೊಣಕ್ಕೆ ಆ ಚುಕ್ಕೆಯೇ ಕಣ್ಣಾಯಿತು. ಆ ಕಣ್ಣಿಗಾಗಿ ಹುಂಜಗಳು ಹತವಾದವು. 1902ರಲ್ಲಿ ಸರ್ಕಾರವು ಕಾಡುಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಹಕ್ಕಿಗೂ ಆಸರೆಯಾಯಿತು. ಕಲೆಯೇನೂ ಅಳಿಯಲಿಲ್ಲ, ಪರದೇಶಗಳಲ್ಲಿ ಸಾಕಿದ ಹುಂಜಗಳ ಗರಿಯಿಂದ ಇಂದು ಕೆಲಸ ನಡೆದಿದೆ.

ಅದೇ ಮಲೆನಾಡಿನ ಶೃಂಗೇರಿಯ ಘಟ್ಟದಲ್ಲಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯರು. ಭಕ್ತರು ಎರಚುವ ಮಂಡಕ್ಕಿಗೆ ಅವು ಮೆಟ್ಟಿಲವರೆಗೂ ಬರುವುವು. ಅಲ್ಲಿ ವಂಚನೆಯ ನೊಣಕ್ಕೆ ಕೆಲಸವಿಲ್ಲ. ಕೈಗಾರಿಕೆಯ ನಯವನ್ನು ಮೆಚ್ಚೋಣ. ಅದಕ್ಕಾಗಿ ಬೆಲೆ ತೆತ್ತವರು ಯಾರೆಂಬುದನ್ನೂ ವಿಚಾರಿಸೋಣ.